ಏದೆನ್ ತೋಟದ ಸ್ಥಳನಿರ್ದೇಶ: ಒಂದು ವಿಮರ್ಶೆ

ಬೈಬಲಿನ ಆದಿಕಾಂಡದಲ್ಲಿ ವರ್ಣಿತವಾದ ಏದೆನ್ ತೋಟವನ್ನು ಭೂಪಟದ ಮೇಲೆ ಗುರುತಿಸುವ ಯತ್ನ ಹೊಸದಲ್ಲ. ಜರ್ಮನಿಯ ವಿದ್ವಾಂಸ ಫ್ರೀಡ್ರಿಖ್ ಡೆಲಿಟ್ಶ್ ಅವರು 1881ರಲ್ಲಿ ಈ ಪ್ರಶ್ನೆಗೆಂದೇ ಒಂದು ಗ್ರಂಥವನ್ನು ಬರೆದು, ತೋಟವನ್ನು ಬ್ಯಾಬಿಲೋನಿನ ಸನಿಹದಲ್ಲಿ ನೆಲೆಗೊಳಿಸಿದರು. ಉತ್ಖನನಗಳು ಹೆಚ್ಚಿದಂತೆ ಏದೆನ್ ಕೂಡ ಸ್ಥಳಾಂತರ ಹೊಂದುತ್ತಲೇ ಬಂದಿದೆ. ಈ ವಾದಗಳಲ್ಲಿ ಗಣ್ಯವಾದ ಕೆಲವನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೂಲದಲ್ಲಿ ಹೇಳಿರುವುದು ಇಷ್ಟು: ಏದೆನಿನಿಂದ ಹೊರಟ ಒಂದು ನದಿ ತೋಟವನ್ನು ತೋಯಿಸಿ ನಾಲ್ಕು ಕವಲುಗಳಾಗುತ್ತದೆ. ಟೈಗ್ರಿಸ್, ಯೂಫ್ರೆಟಿಸ್ ನದಿಗಳ ವಿಷಯದಲ್ಲಿ ವಿವಾದವಿಲ್ಲ. ತೊಡಕೆಲ್ಲ ಪೀಶೋನ್, ಗೀಹೋನ್ ನದಿಗಳದು. ಡೆಲಿಟ್ಶ್ ಅವರು ಇವನ್ನು ಬ್ಯಾಬಿಲೋನಿಯದ ಕಾಲುವೆಗಳೆಂದರು. ಜೂರಿಸ್ ಜಾರಿನ್ಸ್ ಅವರು 1980ರ ದಶಕದಲ್ಲಿ ಮಂಡಿಸಿದ ವಾದದಂತೆ ಪೀಶೋನ್ ಎಂಬುದು ಅರೇಬಿಯದ ಬತ್ತಿದ ವಾದಿ ಅಲ್-ಬಾತಿನ್, ಗೀಹೋನ್ ಇರಾನಿನ ಕಾರೂನ್. ತೋಟವು ಪರ್ಷಿಯನ್ ಕೊಲ್ಲಿಯ ತುದಿಯಲ್ಲಿ ನೀರಿನಡಿ ಮುಳುಗಿದೆ. ಹಿಮಯುಗದ ಉಚ್ಛ್ರಾಯದಲ್ಲಿ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರುಗಳಷ್ಟು ತಗ್ಗಿ, ಆಳವಿಲ್ಲದ ಆ ಕೊಲ್ಲಿ ಒಣನೆಲವಾಗಿದ್ದುದು ನಿಜ. ಆದುದರಿಂದ ವಾದ ಆಕರ್ಷಕವಾಗಿದೆ. ಆದರೆ ಇಲ್ಲಿ ನಾಲ್ಕು ನದಿಗಳು ಬಂದು ಕೂಡುತ್ತವೆ. ಮೂಲದಲ್ಲಿ ಒಂದು ನದಿ ನಾಲ್ಕಾಗುತ್ತದೆ. ಕವಲುಗಳನ್ನು ಹೊಳೆಯ ಮೇಲ್ಮುಖವಾಗಿ ಎಣಿಸಬೇಕೆಂಬ ಸಮಾಧಾನವನ್ನು ಸ್ಪೈಸರ್ ಅವರು ಮೊದಲೇ ಸೂಚಿಸಿದ್ದರು. ನೆಲವು ಪಾಠಕ್ಕೆ ಹೊಂದದಾಗ ನದಿಯನ್ನೇ ಹಿಂದಕ್ಕೆ ಹರಿಸುವ ಈ ಕ್ರಮ ನಮಗೆ ಸಮ್ಮತವಲ್ಲ.

ಹೆಸರಿನ ವಿಚಾರವೂ ಗಮನಾರ್ಹವಾದುದು. ‘ಏದೆನ್’ ಶಬ್ದವು ಹುಲ್ಲುಬಯಲೆಂಬ ಅರ್ಥದ ಸುಮೇರಿಯನ್ ‘ಎದಿನ್’ ಶಬ್ದದಿಂದ ಬಂದುದೆಂದು ಹಲವರು ನಂಬಿದ್ದರು. ಸಿರಿಯದ ತೆಲ್ ಫೆಖರಿಯೆಯಲ್ಲಿ 1979ರಲ್ಲಿ ದೊರೆತ ಅರಮಾಯಿಕ್-ಅಕ್ಕೇಡಿಯನ್ ದ್ವಿಭಾಷಾ ಶಾಸನದಲ್ಲಿ ಇದೇ ಧಾತು ನಾಡಿಗೆ ಸಮೃದ್ಧಿಯನ್ನೀಯುವ ಹದಾದ್ ದೇವನ ವಿಶೇಷಣದಲ್ಲಿ ಬಂದಿದೆ. ಹೆಸರೇ ಗುಣವಾಚಕವಾದರೆ ಭೂಪಟದಲ್ಲಿ ಹುಡುಕತಕ್ಕದ್ದಾದರೂ ಏನನ್ನು?

ತುರ್ಕಿಯ ಗೋಬೆಕ್ಲಿ ತೆಪೆಯನ್ನು ಕುರಿತ ಪ್ರಚಾರ ಇನ್ನೂ ದುರ್ಬಲವಾದುದು. ಅಲ್ಲಿ ಕ್ಲಾಸ್ ಶ್ಮಿಟ್ ಅವರು 1995ರಿಂದ 2014ರಲ್ಲಿ ತೀರಿಕೊಳ್ಳುವವರೆಗೂ ಉತ್ಖನನ ನಡೆಸಿ, ಕ್ರಿ. ಪೂ. 10ನೆಯ ಸಹಸ್ರಮಾನದಷ್ಟು ಹಿಂದಿನ ಕಂಬಗಳನ್ನು ಬೆಳಕಿಗೆ ತಂದರು. ಬೇಟೆಗಾರರು ಬೇಸಾಯಕ್ಕೆ ಇಳಿದ ಕಾಲದ ನೆನಪೇ ತೋಟದಿಂದ ಹೊರಬಿದ್ದ ಕಥೆಯಾಯಿತೆಂದು ಪತ್ರಿಕೆಗಳು ಬರೆದವು. ಆ ನೆಲೆಯನ್ನು ಜನ ತೊರೆದುದಕ್ಕೂ ಆದಿಕಾಂಡದ ರಚನೆಗೂ ನಡುವೆ ಸುಮಾರು 7,000 ವರ್ಷಗಳಿವೆ. ಬರೆವಣಿಗೆಯಿಲ್ಲದ ಕಾಲದ ನೆನಪು ಇಷ್ಟು ದೂರ ನಡೆದು ಬಂದುದಕ್ಕೆ ಒಂದು ಸಾಕ್ಷ್ಯವಾದರೂ ಬೇಡವೆ? ಅಲ್ಲದೆ, ವಾಸದ ಮನೆಗಳಿಲ್ಲದ ದೇವಾಲಯವೆಂಬ ಶ್ಮಿಟ್ ಅವರ ಮೊದಲ ಅಭಿಪ್ರಾಯವೇ ಬದಲಾಗಿದೆ. ಮನೆಗಳೂ ಮಳೆನೀರು ಹಿಡಿಯುವ ಏರ್ಪಾಟುಗಳೂ ಅಲ್ಲಿ ಕಂಡುಬಂದಿವೆ. ಏದೆನಿನ ಮಾತಿನ ಗದ್ದಲದಲ್ಲಿ ಈ ಸಂಗತಿಗಳನ್ನು ಕೇಳುವವರು ಕಡಮೆ.

ದಿಲ್ಮುನಿನ ಮಾತು ಬೇರೆ. ಸುಮೇರಿಯನ್ ಕಾವ್ಯದಲ್ಲಿ ಅದು ರೋಗ ಮುಪ್ಪುಗಳಿಲ್ಲದ ಪವಿತ್ರ ದೇಶ. ಎಂಕಿ ದೇವನ ಪಕ್ಕೆಲುಬಿನ ನೋವನ್ನು ನೀಗಲು ಹುಟ್ಟಿದ ದೇವತೆ ನಿನ್-ತಿ; ‘ತಿ’ ಎಂದರೆ ಪಕ್ಕೆಲುಬೂ ಹೌದು, ಜೀವವೂ ಹೌದು. ಹವ್ವಳ ಕಥೆಗೆ ಇದು ಹತ್ತಿರವೆಂದು ಕ್ರೇಮರ್ ಅವರು ತೋರಿಸಿದುದು ಸಾರವತ್ತಾದ ವಿಚಾರ. ಆದರೆ ಈ ನಂಟು ಕಥೆ ಕಥೆಗಳದು, ಮಣ್ಣಿನದಲ್ಲ. ದಿಲ್ಮುನಿನ ಕೇಂದ್ರವೆಂದು ಒಪ್ಪಲಾಗಿರುವ ಬಹ್ರೇನಿನಲ್ಲಿ ಡೆನ್ಮಾರ್ಕಿನ ತಂಡ 1953ರಿಂದ ಅಗೆದಾಗ ದೊರೆತವು ಕೋಟೆಗೋಡೆಗಳು, ಮುದ್ರೆಗಳು, ಮತ್ತು ಸಿಂಧೂ ಕಣಿವೆಯ ಅಳತೆಗೆ ಸರಿಹೊಂದುವ ತೂಕದ ಕಲ್ಲುಗಳು.