ಮುಗಿಯಬೇಕಾದ ಪಥ್ಯ

ಹೊಟ್ಟೆ ಉಬ್ಬರ, ನುಲಿತ, ಒಂದು ದಿನ ಎದ್ದ ಗಳಿಗೆಯಿಂದ ಕಕ್ಕಸಿಗೆ ಓಟ, ಇನ್ನೊಂದು ದಿನ ಅದರ ಸುದ್ದಿಯೇ ಇಲ್ಲ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲದರಲ್ಲೂ ‘ನಾರ್ಮಲ್’ ಎಂದೇ ಬರುತ್ತದೆ. ನಮ್ಮ ಜನ ಇಂಥದ್ದಕ್ಕೆಲ್ಲ ‘ಗ್ಯಾಸ್ಟ್ರಿಕ್’ ಅಂದುಬಿಡುತ್ತಾರೆ; ವೈದ್ಯರು ಚೀಟಿಯಲ್ಲಿ ಬರೆಯುವುದು ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್. ಇದಕ್ಕೆಂದು ಈಗ ಅತಿ ಹೆಚ್ಚು ಹೆಸರು ಮಾಡಿರುವ ಪಥ್ಯ ‘ಲೋ ಫಾಡ್‌ಮ್ಯಾಪ್’. ಗುಣ ಕಂಡವರು ಅದನ್ನು ಹಾಡಿ ಹೊಗಳುತ್ತಾರೆ, ಕಾಣದವರು ಶ್ರೀಮಂತ ದೇಶಗಳ ಇನ್ನೊಂದು ಶೋಕಿ ಎಂದು ತಳ್ಳಿಹಾಕುತ್ತಾರೆ. ಇಬ್ಬರೂ ತೂಗುತ್ತಿರುವುದು ಆ ಪಥ್ಯದ ಮೊದಲ ಹಂತವನ್ನು ಮಾತ್ರ. ಅದರ ಬೆಲೆ ತಿಳಿಯುವುದು ಎರಡನೆಯ ಹಂತದಲ್ಲಿ.

ಈ ಪಥ್ಯ ಹುಟ್ಟಿದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. ಮೊನಾಶ್ ವಿಶ್ವವಿದ್ಯಾಲಯದ ಪೀಟರ್ ಗಿಬ್ಸನ್ ಮತ್ತು ಆಹಾರತಜ್ಞೆ ಸೂ ಶೆಪರ್ಡ್ 2005ರಲ್ಲಿ ಪ್ರಕಟಿಸಿದ ಲೇಖನದಲ್ಲಿ ‘ಫಾಡ್‌ಮ್ಯಾಪ್’ ಎಂಬ ಹೆಸರು ಕಾಣಿಸಿತು. ಆ ಲೇಖನ ಇದ್ದದ್ದು ಕ್ರೋನ್ಸ್ ಕಾಯಿಲೆಯ ಬಗ್ಗೆ. ಐಬಿಎಸ್‌ಗೆ ಅದು ಅಂಟಿಕೊಂಡದ್ದು ಆಮೇಲೆ. ಸಣ್ಣ ಕರುಳು ಸರಿಯಾಗಿ ಹೀರಿಕೊಳ್ಳದ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಬೇಗ ಹುದುಗಿಸುವ ಕೆಲವು ಸಕ್ಕರೆಗಳಿಗೆ ಒಟ್ಟಾಗಿ ಇಟ್ಟ ಹೆಸರು ಅದು. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿರುವ ಫ್ರಕ್ಟಾನ್, ಬೇಳೆಕಾಳುಗಳ ಗ್ಯಾಲಕ್ಟನ್, ಹಾಲಿನ ಲ್ಯಾಕ್ಟೋಸ್, ಮಾವು-ಸೇಬಿನಲ್ಲಿ ಮಿಗುವ ಫ್ರಕ್ಟೋಸ್, ಹೂಕೋಸು-ಅಣಬೆಗಳ ಪಾಲಿಯಾಲ್, ಎಲ್ಲವೂ ಇದರಲ್ಲಿ ಸೇರಿವೆ. ಇವುಗಳಲ್ಲಿ ಕೆಲವು ಕರುಳಿಗೆ ನೀರು ಎಳೆಯುತ್ತವೆ, ಕೆಲವು ಗಾಳಿ ತುಂಬುತ್ತವೆ. ಹಾಗೆ ನೋಡಿದರೆ ಗಾಳಿ ಎಲ್ಲರ ಹೊಟ್ಟೆಯಲ್ಲೂ ತುಂಬುತ್ತದೆ. ಐಬಿಎಸ್ ಇರುವವರ ಕರುಳಿನ ನರಗಳು ಅಷ್ಟೇ ಗಾಳಿಗೆ ಹೆಚ್ಚು ನೋಯುತ್ತವೆ. ಹಾಗಾಗಿ ಈರುಳ್ಳಿಯನ್ನು ವಿಷವೆಂದು ಬಗೆಯಬೇಕಿಲ್ಲ. ಎಷ್ಟು ತಿಂದರೆ ತಡೆಯುತ್ತದೆ ಎಂಬ ಲೆಕ್ಕ ಮಾತ್ರ ಒಬ್ಬೊಬ್ಬರಿಗೂ ಬೇರೆ.

ಈ ವಿವರಣೆಯೇ ಪಥ್ಯದ ದೊಡ್ಡ ಹೆಚ್ಚುಗಾರಿಕೆ. ‘ಎಲ್ಲ ನಿಮ್ಮ ಮನಸ್ಸಿನಲ್ಲಿದೆ’ ಎಂದು ಕೇಳಿ ಕೇಳಿ ಸೋತವರಿಗೆ ಕರುಳಲ್ಲಿ ನಡೆಯುವುದನ್ನು ಅದು ತೋರಿಸಿಕೊಟ್ಟಿತು. ಸಾಕ್ಷ್ಯವೂ ಇದೆ. ಮೊನಾಶ್‌ನವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 30 ಮಂದಿ ಐಬಿಎಸ್ ರೋಗಿಗಳು 21 ದಿನ ಈ ಪಥ್ಯವನ್ನೂ 21 ದಿನ ಅಲ್ಲಿಯ ಸಾಮಾನ್ಯ ಊಟವನ್ನೂ ಉಂಡರು. ನೂರರ ಅಳತೆಯಲ್ಲಿ ಪಥ್ಯದ ದಿನಗಳ ತೊಂದರೆ 22.8, ಸಾಮಾನ್ಯ ಊಟದ್ದು 44.9. ವ್ಯತ್ಯಾಸ ದೊಡ್ಡದೇ. ಆದರೆ ಅಲ್ಲಿ ಊಟವನ್ನು ಸಂಶೋಧಕರೇ ಒದಗಿಸಿದ್ದರು. ಮನೆಯಲ್ಲಿ ಹಾಗೆ ಒದಗಿಸುವವರು ಯಾರು?

ಹೋಲಿಕೆಯನ್ನು ಸಾಮಾನ್ಯ ಊಟದ ಬದಲು ಸಾಮಾನ್ಯ ಸಲಹೆಯ ಜೊತೆ ಮಾಡಿದಾಗ ಚಿತ್ರ ಬದಲಾಗುತ್ತದೆ. ಸ್ವೀಡನ್ನಿನಲ್ಲಿ 75 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧದಷ್ಟು ಜನರಿಗೆ ಈ ಪಥ್ಯ, ಉಳಿದವರಿಗೆ ಹಳೆಯ ಬುದ್ಧಿಮಾತು: ಹೊತ್ತಿಗೆ ಸರಿಯಾಗಿ ಉಣ್ಣಿ, ಒಂದೇ ಸಲ ಬಿರಿಯುವಷ್ಟು ತಿನ್ನಬೇಡಿ, ಅಗಿದು ನುಂಗಿ, ಕಾಫಿ, ಎಣ್ಣೆ, ಖಾರ ಕಡಿಮೆ ಮಾಡಿ. ನಾಲ್ಕು ವಾರದ ಮೇಲೆ ಪಥ್ಯದವರಲ್ಲಿ ಗುಣ ಕಂಡವರು 50 ಶೇಕಡ, ಬುದ್ಧಿಮಾತಿನವರಲ್ಲಿ 46 ಶೇಕಡ. ಮೊನಾಶ್‌ನಲ್ಲೇ ನಡೆದ 2016ರ ಇನ್ನೊಂದು ಅಧ್ಯಯನದಲ್ಲಿ ಕರುಳನ್ನು ಗುರಿಯಾಗಿಟ್ಟ ಸಂಮೋಹನ ಚಿಕಿತ್ಸೆ ಈ ಪಥ್ಯಕ್ಕೆ ಸರಿಸಮನಾಗಿ ನಿಂತಿತು. ಎರಡನ್ನೂ ಸೇರಿಸಿ ಕೊಟ್ಟಾಗ ಹೆಚ್ಚಿನ ಲಾಭವೇನೂ ಆಗಲಿಲ್ಲ. ಸ್ವೀಡನ್ನಿನ ಯೊತೆಬೊರಿಯಲ್ಲಿ ನಡೆದು 2024ರಲ್ಲಿ ಹೊರಬಂದ ದೊಡ್ಡ ಅಧ್ಯಯನದಲ್ಲಿ ಹಳೆಯ ಸಲಹೆಯ ಜೊತೆ ಈ ಪಥ್ಯ ಮಾಡಿದವರಲ್ಲಿ 76 ಶೇಕಡ ಮಂದಿಗೆ ಗುಣ ಕಂಡಿತು, ಮಾತ್ರೆ ತೆಗೆದುಕೊಂಡವರಲ್ಲಿ 58 ಶೇಕಡ. ಪಥ್ಯ ಗೆದ್ದಿತು ನಿಜ. ಆದರೆ ಹಿಟ್ಟಿನಂಶ ಕಡಿಮೆ ಮಾಡಿ ನಾರಿನಂಶವನ್ನು ಹೊಂದಿಸಿದ ಬೇರೆಯದೇ ಊಟಕ್ಕೂ 71 ಶೇಕಡ ಬಂದಿದೆ. ಅಂದರೆ ಪಥ್ಯದಿಂದ ಕೆಲಸವಾಗುತ್ತದೆ, ಆದರೆ ಆ ಕೆಲಸಕ್ಕೆ ಅದೊಂದೇ ದಾರಿಯಲ್ಲ.

ಇದರ ಜೊತೆಗೆ ಭಯದ ಪ್ರಶ್ನೆಯೂ ಇದೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ತಮಗಾಗುವುದಿಲ್ಲ ಎಂದು ತಾವೇ ನಿರ್ಧರಿಸಿಕೊಂಡಿದ್ದ, ಸೀಲಿಯಾಕ್ ಕಾಯಿಲೆ ಇಲ್ಲದ 59 ಜನರಿಗೆ ನಾರ್ವೆಯಲ್ಲಿ ಗ್ಲುಟೆನ್, ಫ್ರಕ್ಟಾನ್, ಎರಡೂ ಇಲ್ಲದ್ದು ಎಂದು ಮೂರು ಬಗೆಯ ತಿನಿಸನ್ನು ಗುಟ್ಟಾಗಿ ಕೊಟ್ಟು ನೋಡಿದರು. ಫ್ರಕ್ಟಾನ್ ತಿಂದಾಗ ಅತಿ ಹೆಚ್ಚು ತೊಂದರೆಯಾಯಿತು ಎಂದವರು 24, ಗ್ಲುಟೆನ್ ತಿಂದಾಗ 13. ಏನೂ ಇಲ್ಲದ್ದನ್ನು ತಿಂದಾಗಲೇ ಅತಿ ಹೆಚ್ಚು ತೊಂದರೆಯಾಯಿತು ಎಂದವರು 22. ಚಪಾತಿ ಬಿಟ್ಟು ಹಗುರಾದವರಿಗೆ ಕಾಟ ಕೊಟ್ಟದ್ದು ಗ್ಲುಟೆನ್ ಆಗಿರಲಿಕ್ಕಿಲ್ಲ ಎಂಬ ಪಾಠ ಇಲ್ಲಿದೆ. ತಟ್ಟೆ ನೋಡಿ ಹೆದರಿದವರ ಹೊಟ್ಟೆ ತಿನ್ನುವ ಮೊದಲೇ ಕೆಡಬಲ್ಲದು ಎಂಬುದೂ ಇದೆ. ನಿಷೇಧದ ಪಟ್ಟಿ ಉದ್ದವಾದಷ್ಟೂ ಈ ಹೆದರಿಕೆ ಬೆಳೆಯುತ್ತದೆ.

ನಮ್ಮ ಅಡುಗೆಮನೆಗೆ ಈ ಪಟ್ಟಿ ಸಲೀಸಾಗಿ ಇಳಿಯುವುದಿಲ್ಲ. ಮೊನಾಶ್‌ನವರು ಪದಾರ್ಥಗಳನ್ನು ಒಂದೊಂದಾಗಿ ಪರೀಕ್ಷಿಸಿ, ಇಷ್ಟು ಗ್ರಾಂ ಆದರೆ ಹಸಿರು, ಅಷ್ಟಾದರೆ ಕೆಂಪು ಎಂದು ಗುರುತು ಹಾಕುತ್ತಾರೆ. ಹುಳಿಯಲ್ಲಿ ಬೇಳೆ, ತರಕಾರಿ, ಮಸಾಲೆ ಎಲ್ಲ ಕಲೆತಿರುತ್ತವೆ. ಸೌಟಿನಲ್ಲಿ ಬಂದದ್ದನ್ನು ತೂಗುವುದು ಹೇಗೆ? ಪಟ್ಟಿಗಿಂತ ಅದರ ಹಿಂದಿನ ವಿಜ್ಞಾನವೇ ಇಲ್ಲಿ ಹೆಚ್ಚು ಉಪಯೋಗ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಒಗ್ಗರಣೆಯ ಎಣ್ಣೆಯಲ್ಲಿ ಬೆಳ್ಳುಳ್ಳಿ ಎಸಳನ್ನು ಕೆಂಪಗೆ ಕಾಯಿಸಿ, ನೀರಿನಂಶವಿರುವ ಏನನ್ನೂ ಹಾಕುವ ಮೊದಲೇ ಎತ್ತಿಬಿಟ್ಟರೆ ಘಮ ಉಳಿಯುತ್ತದೆ, ತೊಂದರೆ ಎಸಳಿನ ಜೊತೆ ಹೋಗುತ್ತದೆ. ಕಾಳಿನ ಸಕ್ಕರೆಯೂ ನೀರಿಗೆ ಇಳಿಯುವಂಥದ್ದು. ನೆನೆಸಿದ ನೀರು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಇದೇ ತರ್ಕದಲ್ಲಿ ಬಸ್ಸಾರನ್ನು ನೋಡಿ. ಕಾಳು ಬೆಂದ ಕಟ್ಟನ್ನು ಬಸಿದು ಸಾರು ಮಾಡುತ್ತೇವೆ, ಬಸಿದ ಕಾಳು-ಸೊಪ್ಪನ್ನು ಪಲ್ಯಕ್ಕೆ ಇಡುತ್ತೇವೆ. ಹೊಟ್ಟೆ ಸರಿಯಿಲ್ಲದವರಿಗೆ ‘ಪಲ್ಯ ಬೇಡ, ತಿಳಿ ಸಾರು ಉಣ್ಣು’ ಎನ್ನುವುದು ವಾಡಿಕೆ. ಆದರೆ ಸಕ್ಕರೆ ಇಳಿದು ಕೂತಿರುವುದು ಕಟ್ಟಿನಲ್ಲಿ!

ಪಥ್ಯದ ಪುಸ್ತಕಗಳು ಹೇಳದೆ ಬಿಡುವುದು ಮನೆಯ ದುಡಿಮೆಯ ಮಾತು. ಒಬ್ಬರಿಗೆ ಬೇರೆ ಅಡುಗೆ ಎಂದರೆ ಹೆಚ್ಚಿನ ಮನೆಗಳಲ್ಲಿ ಹೆಂಗಸೊಬ್ಬಳಿಗೆ ಇನ್ನೊಂದು ಒಲೆ. ಕಾಯಿಲೆ ಅವಳದೇ ಆದರೆ ಪಥ್ಯ ಎರಡನೆಯ ವಾರಕ್ಕೇ ಸಡಿಲಾಗುತ್ತದೆ, ಯಾಕೆಂದರೆ ತನಗೊಬ್ಬಳಿಗಾಗಿ ಬೇರೆ ಒಗ್ಗರಣೆ ಹಾಕಿಕೊಳ್ಳುವ ರೂಢಿ ಅವಳಿಗಿಲ್ಲ.

ಇಷ್ಟೆಲ್ಲ ಕಷ್ಟವನ್ನು ಕೆಲವು ವಾರ ಸಹಿಸಬಹುದು, ಮತ್ತು ಪಥ್ಯ ಕೇಳುವುದೂ ಅಷ್ಟನ್ನೇ. ಎರಡರಿಂದ ಆರು ವಾರ ಎಲ್ಲ ಬಿಡಬೇಕು. ಆಮೇಲೆ ಒಂದೊಂದೇ ಸಕ್ಕರೆಯನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ತಿಂದು ನೋಡಬೇಕು. ಕೊನೆಗೆ ಆಗದ್ದನ್ನು ಮಾತ್ರ, ಆಗದಷ್ಟು ಮಾತ್ರ ದೂರವಿಡಬೇಕು. ಮಾಧ್ವರ ಮನೆಗಳ ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದರಂತೆ ತರಕಾರಿ, ಮೊಸರು, ಹಾಲು, ಬೇಳೆಯನ್ನು ಬಿಡುತ್ತಾರೆ. ತಿಂಗಳು ತುಂಬಿದರೆ ಬಿಟ್ಟದ್ದು ಎಲೆಗೆ ಮರಳುತ್ತದೆ. ಅಲ್ಲಿ ಬಿಡುವ ದಿನದಷ್ಟೇ ಖಚಿತವಾಗಿ ಮರಳುವ ದಿನವೂ ಪಂಚಾಂಗದಲ್ಲಿದೆ. ಫಾಡ್‌ಮ್ಯಾಪ್ ಪಥ್ಯಕ್ಕೆ ಅಂಥ ಪಂಚಾಂಗವಿಲ್ಲ. ನೋವು ನಿಂತ ಸಮಾಧಾನದಲ್ಲಿ ಮತ್ತೆ ಬೇಳೆ ಮುಟ್ಟುವ ಧೈರ್ಯ ಎಷ್ಟೋ ಜನರಿಗೆ ಬರುವುದಿಲ್ಲ, ಮೊದಲ ಹಂತವೇ ಬದುಕಾಗಿಬಿಡುತ್ತದೆ. ಅದಕ್ಕೆ ತೆರುವ ಬೆಲೆ ಚಿಕ್ಕದಲ್ಲ: ಈ ಪಥ್ಯದಲ್ಲಿ ಕರುಳಿಗೆ ಒಳ್ಳೆಯದೆನ್ನುವ ಬೈಫಿಡೋ ಬ್ಯಾಕ್ಟೀರಿಯಾಗಳು ಕಡಿಮೆಯಾಗುವುದು ಅಧ್ಯಯನಗಳಲ್ಲಿ ಕಂಡಿದೆ. ಬೇಳೆ, ಹಾಲು ಬಿಟ್ಟ ಸಸ್ಯಾಹಾರಿಯ ತಟ್ಟೆಯಲ್ಲಿ ಪ್ರೋಟೀನು, ಕ್ಯಾಲ್ಸಿಯಂ ಎರಡೂ ಇಳಿಯುತ್ತವೆ.

ಹಾಗಾಗಿ ನನ್ನ ತೀರ್ಪು ಷರತ್ತಿನ ಮೇಲೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ರಾತ್ರಿ ಎಬ್ಬಿಸುವ ಭೇದಿ ಇದ್ದರೆ ಪಥ್ಯದ ಮಾತೇ ಬೇಡ, ಮೊದಲು ವೈದ್ಯರಲ್ಲಿಗೆ ಹೋಗಬೇಕು. ಅವೇನೂ ಇಲ್ಲದ ಐಬಿಎಸ್‌ಗೆ ಹೊತ್ತಿನ ಊಟ, ಕಡಿಮೆ ಕಾಫಿಯ ಹಳೆಯ ಬುದ್ಧಿಮಾತನ್ನು ಮೊದಲು ನೋಡಬೇಕು. ಅದಕ್ಕೆ ಖರ್ಚಿಲ್ಲ, 2015ರ ಸ್ವೀಡನ್ನಿನ ಅಧ್ಯಯನದಲ್ಲಿ ಗುಣವೂ ಹೆಚ್ಚುಕಡಿಮೆ ಅಷ್ಟೇ ಕಂಡಿದೆ. ಅದರಿಂದ ಆಗದವರಿಗೆ ಈ ಪಥ್ಯ ಒಳ್ಳೆಯ ಪರೀಕ್ಷೆ. ಆರು ವಾರದಲ್ಲಿ ಗುಣ ಕಾಣದಿದ್ದರೆ ನಿಲ್ಲಿಸಬೇಕು. ಕಂಡರೆ ಮಾರನೆಯ ವಾರವೇ ಮರಳಿ ತಿನ್ನುವ ಹಂತ ಶುರುವಾಗಬೇಕು. ಏನೇನು ಬಿಡಬೇಕೆಂದು ಹೇಳುವವರು ಮೊಬೈಲ್ ತೆರೆದರೆ ಸಾಲುಗಟ್ಟಿದ್ದಾರೆ. ಬಿಟ್ಟದ್ದನ್ನು ಮರಳಿ ತರುವಾಗ ಜೊತೆಗಿರುವ ಆಹಾರತಜ್ಞರು ಸಿಗುವವರೆಗೆ ಬಿಡುವುದನ್ನೂ ಶುರು ಮಾಡದಿರುವುದೇ ಲೇಸು.