ಎಂಡೋಸಲ್ಫಾನ್ ಹೋರಾಟ: ನಿಷೇಧದಲ್ಲಿ ಗೆಲುವು, ಆರೈಕೆಯಲ್ಲಿ ಬಾಕಿ

ಎಂಡೋಸಲ್ಫಾನ್ ವಿರೋಧಿ ಹೋರಾಟ ಕರಾವಳಿಯ ಸಮುದಾಯ ಸಂಘಟನೆಗೆ ದೊಡ್ಡ ನಿದರ್ಶನ. ಗೇರು ಮರಕ್ಕೆ ಬೀಳುವ ಟೀ ಸೊಳ್ಳೆ ಎಂಬ ಕೀಟದ ಹತೋಟಿಗೆಂದು ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್, ದಕ್ಷಿಣ ಕನ್ನಡದಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಹೆಲಿಕಾಪ್ಟರ್‌ನಿಂದ ಈ ಕೀಟನಾಶಕ ಸಿಂಪಡಿಸಿದವು. 2000ದ ಹೊತ್ತಿಗೆ ಸಿಂಪಡಣೆ ನಿಂತಿತು. ಅದರ ಸಂಕಟ ಮಾತ್ರ ದಕ್ಷಿಣ ಕನ್ನಡದ ಕೊಯಿಲ, ಆಲಂಕಾರು, ಬೆಳ್ತಂಗಡಿ ಕಡೆಯ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಉಳಿದಿದೆ.

ಇಲ್ಲಿ ಗೇರು ತೋಪು ಗುಡ್ಡದ ಮೇಲೆ. ಮನೆ, ಅಡಿಕೆ ತೋಟ ಕೆಳಗಿನ ಬೈಲಿನಲ್ಲಿ. ಸಿಂಪಡಣೆಗೆ ಮುನ್ನ ನೀರಿನ ಮೂಲಗಳನ್ನು ಮುಚ್ಚಬೇಕೆಂಬ ನಿಯಮವಿತ್ತು. ಬಾವಿಗೆ ಸೋಗೆ ಹೊದೆಸಬಹುದು, ಹರಿಯುವ ತೋಡನ್ನು ಮುಚ್ಚಲಾಗದು. ಲಾಭ ನಿಗಮಕ್ಕೆ, ಅಪಾಯ ಬೈಲಿನವರಿಗೆ ಎಂಬ ಈ ಹಂಚಿಕೆಯೇ ಪರಿಸರ ಅನ್ಯಾಯ.

ಹೋರಾಟದ ಹೆಚ್ಚುಗಾರಿಕೆ ಅದು ಊರೊಳಗಿಂದಲೇ ಹುಟ್ಟಿದ್ದು. ಕಾಸರಗೋಡಿನ ಪಡ್ರೆ ಗ್ರಾಮದಲ್ಲಿ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವವರ ಕಾಯಿಲೆಗಳಲ್ಲಿದ್ದ ಅಸಹಜತೆಯನ್ನು ಗಮನಿಸಿದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ಮುಟ್ಟಿಸಿದರು. ಅದೇ ಜಿಲ್ಲೆಯ ಪೆರಿಯದ ಕೃಷಿ ಇಲಾಖೆ ನೌಕರೆ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯಕ್ಕೆ ಹೋದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ರಕ್ತದ ಮಾದರಿಗಳಲ್ಲಿ ವಿಷದ ಅಂಶವನ್ನು ಗುರುತಿಸಿತು. ಕೀಟನಾಶಕ ಉದ್ಯಮ ಅದನ್ನು ಅಲ್ಲಗಳೆಯಿತು. 2011ರ ಏಪ್ರಿಲ್‌ನಲ್ಲಿ ಎಂಡೋಸಲ್ಫಾನ್ ಸ್ಟಾಕ್‌ಹೋಮ್ ಒಪ್ಪಂದದ ಕೈಬಿಡಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಗೆ ತಡೆಯೊಡ್ಡಿತು. ಹಳ್ಳಿಯವರು ಕಲೆಹಾಕಿದ ಅನುಭವ ಅಂತರರಾಷ್ಟ್ರೀಯ ತೀರ್ಮಾನದವರೆಗೆ ತಲುಪಿದ್ದು ಸಣ್ಣ ಸಾಧನೆಯಲ್ಲ.

ಕೊರತೆಗಳೂ ಅಷ್ಟೇ ಸ್ಪಷ್ಟ. ಪಡ್ರೆಯ ಸ್ವರ್ಗ ಎಂಬ ಊರಿಗೂ ಪುತ್ತೂರಿನ ಪಾಣಾಜೆಗೂ ನಡುವೆ ಇರುವುದು ರಾಜ್ಯದ ಗಡಿ ಮಾತ್ರ; ಪರಿಹಾರ ಆ ಗಡಿಯಲ್ಲೇ ಕವಲೊಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂಬ 2017ರ ಜನವರಿಯ ಸುಪ್ರೀಂ ಕೋರ್ಟ್ ಆದೇಶ ಕೇರಳಕ್ಕೆ ಅನ್ವಯಿಸಿತು. ಕರ್ನಾಟಕದಲ್ಲಿ ಅಂಗವೈಕಲ್ಯದ ಶೇಕಡಾವಾರು ಲೆಕ್ಕದ ಮೇಲೆ ಮಾಸಾಶನ ಬಂತು. ಒಬ್ಬೊಬ್ಬರ ಕಾಯಿಲೆಗೂ ಕಾರಣ ಎಂಡೋಸಲ್ಫಾನೇ ಎಂದು ಸಾಧಿಸುವುದು ವೈದ್ಯಕೀಯವಾಗಿ ಕಷ್ಟ. ಆ ಭಾರವನ್ನು ನೊಂದವರ ತಲೆಗೇ ಕಟ್ಟುವ ಪದ್ಧತಿ ನ್ಯಾಯವೆನಿಸದು.

ಕೊಯಿಲ ಮತ್ತು ಕೊಕ್ಕಡದ ಪಾಲನಾ ಕೇಂದ್ರಗಳು ಸಂತ್ರಸ್ತ ಮಕ್ಕಳಿಗೆ ಹಗಲಿನ ಆಸರೆ, ತಾಯಂದಿರಿಗೆ ಕೆಲವು ಗಂಟೆಗಳ ಬಿಡುವು ಕೊಟ್ಟಿವೆ. ಸಂಜೆಯಾದರೆ ಉಣಿಸುವುದು, ಮೀಯಿಸುವುದು, ಮಗ್ಗುಲು ಬದಲಿಸುವುದು ಮತ್ತೆ ತಾಯಿಯ ಪಾಲಿಗೇ. ಹೆತ್ತವರ ಕಾಲಾನಂತರ ಇವರ ಗತಿಯೇನು ಎಂಬುದಕ್ಕೆ ಮಾಸಾಶನದಲ್ಲಿ ಉತ್ತರವಿಲ್ಲ.

ಈ ಹೋರಾಟ ವಿಷವನ್ನು ನಿಲ್ಲಿಸಿತು. ಆರೈಕೆಯನ್ನು ಹಕ್ಕಾಗಿಸುವ ಕೆಲಸ ಇನ್ನೂ ಬಾಕಿ. ಸಂತ್ರಸ್ತರಿಗೆ ಜೀವನಪೂರ್ತಿ ಆಸರೆ ನೀಡುವ ಶಾಶ್ವತ ಪುನರ್ವಸತಿ ವ್ಯವಸ್ಥೆಯೇ ಸರ್ಕಾರದಿಂದ ಕೇಳಬೇಕಾದ ಕನಿಷ್ಠ ನ್ಯಾಯ. ಅದಕ್ಕಾಗಿ ಜನರನ್ನು ಮತ್ತೆ ಒಗ್ಗೂಡಿಸುವುದು ಸಮಾಜಕಾರ್ಯದ ಮುಂದಿನ ಹೊಣೆ.