ತಂತ್ರಾಂಶದ ಕೈಪಿಡಿ ಮತ್ತು ವಿಮರ್ಶಕನ ಕಣ್ಣು

ಮುಕ್ತ ಆಕರ ತಂತ್ರಾಂಶಗಳಿಗೆ ಕೈಪಿಡಿ ಬರೆದುಕೊಡುವುದನ್ನು ಎರಡನೆಯ ದರ್ಜೆಯ ಸೇವೆಯೆಂದು ಎಣಿಸುವ ರೂಢಿಯೊಂದು ಬೆಳೆದುಬಂದಿದೆ. ಪ್ರೋಗ್ರಾಮನ್ನು ರಚಿಸಿದವನು ಕರ್ತೃ, ಅದನ್ನು ವಿವರಿಸಿದವನು ಬರಿಯ ಲಿಪಿಕಾರ ಎಂಬ ಭಾವನೆ ಇದರ ಹಿಂದಿದೆ. ಇದನ್ನು ನಾವು ಒಪ್ಪಲಾರೆವು. 'ಶಬ್ದಮಣಿದರ್ಪಣ'ದಲ್ಲಿ ಕೇಶಿರಾಜನು ತನ್ನ ಸೂತ್ರಗಳಿಗೆ ತಾನೇ ವೃತ್ತಿಯನ್ನೂ ಬರೆದನಷ್ಟೆ. ವೃತ್ತಿಯನ್ನು ಕೀಳೆಂದು ಬಗೆದಿದ್ದರೆ ಆ ಶ್ರಮವೇಕೆ?

ಯುನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿಯನ್ನು ಕೆನ್ ಥಾಂಪ್ಸನ್, ಡೆನಿಸ್ ರಿಚಿ ಇವರು ಬೆಲ್ ಪ್ರಯೋಗಾಲಯದಲ್ಲಿ 1971ರ ನವೆಂಬರಿನಲ್ಲಿ ಸಿದ್ಧಪಡಿಸಿದರು. ಹೆಸರು, ಪ್ರಯೋಗಕ್ರಮ, ವಿವರಣೆ ಇವುಗಳ ಜೊತೆಗೆ 'ಬಗ್ಸ್', ಎಂದರೆ ದೋಷಗಳು, ಎಂಬ ಶೀರ್ಷಿಕೆಯೂ ಅದರಲ್ಲಿ ಉಂಟು. ತನ್ನ ಕೃತಿಯ ಕುಂದನ್ನು ಕರ್ತೃವೇ ಹೇಳಿಕೊಳ್ಳುವ ಈ ಪದ್ಧತಿ ನಮ್ಮ ಗ್ರಂಥಕಾರರಲ್ಲಿ ವಿರಳವೆಂದೇ ಹೇಳಬೇಕು! ಯುನಿಕ್ಸ್ ಆಗ ಮುಕ್ತ ತಂತ್ರಾಂಶವಾಗಿರಲಿಲ್ಲ. ಆದರೂ ಲಿನಕ್ಸಿನ ಕೈಪಿಡಿ ಪುಟಗಳು ಆ ಅಚ್ಚಿನಲ್ಲಿಯೇ ರೂಪುಗೊಂಡವು.

ಈ ಪುಟಗಳ ಹೊಣೆಯನ್ನು 2004ರಲ್ಲಿ ಮೈಕೇಲ್ ಕೆರಿಸ್ಕ್ ವಹಿಸಿಕೊಂಡರು. 2007ರಲ್ಲಿ ಲಿನಕ್ಸ್ ಕರ್ನೆಲ್ಲಿನ 2.6.22ನೆಯ ಆವೃತ್ತಿಗೆ 'ಟೈಮರ್‌ಎಫ್‌ಡಿ' ಎಂಬ ಹೊಸ ಸೌಲಭ್ಯ ಸೇರಿತು. ಗೊತ್ತುಪಡಿಸಿದ ಹೊತ್ತು ಮುಗಿದುದನ್ನು ಪ್ರೋಗ್ರಾಮು ಕಡತವನ್ನು ಓದುವಂತೆಯೇ ಓದಿ ತಿಳಿಯಬಹುದೆಂಬುದು ಇದರ ವಿಶೇಷ. ಕೆರಿಸ್ಕ್ ಇದನ್ನು ಹಳೆಯ ಸೌಲಭ್ಯಗಳ ಪಕ್ಕದಲ್ಲಿಟ್ಟು ನೋಡಿದರು. ಇನ್ನೆಷ್ಟು ಹೊತ್ತು ಉಳಿದಿದೆಯೆಂದು ಹಳೆಯವುಗಳನ್ನು ಕೇಳಬಹುದಾಗಿತ್ತು. ಹೊಸ ಅವಧಿಯನ್ನು ಇಡುವಾಗ ಹಿಂದಿನದು ಯಾವುದೆಂದು ಅರಿಯಬಹುದಾಗಿತ್ತು. ಹೊಸದರಲ್ಲಿ ಇವೆರಡೂ ಇರಲಿಲ್ಲ. ಆಕ್ಷೇಪಕ್ಕೆ ಮನ್ನಣೆ ದೊರೆಯಿತು. 2.6.23ರಲ್ಲಿ ಸೌಲಭ್ಯವನ್ನು ತಡೆಹಿಡಿದು, 2008ರ 2.6.25ರಲ್ಲಿ ಮೂರು ಕರೆಗಳಾಗಿ ಪುನಾರಚಿಸಿ ಕೊಟ್ಟರು. ವಿವರಿಸಹೊರಟವನು ಕೃತಿಯನ್ನೇ ತಿದ್ದಿಸಿದ ನಿದರ್ಶನವಿದು. ವಿಮರ್ಶಕನಿಗೆ ಇಂತಹ ಭಾಗ್ಯ ಸಾಹಿತ್ಯಕ್ಷೇತ್ರದಲ್ಲಿ ದುರ್ಲಭ.

ಹೀಗೆಂದು ಕೈಪಿಡಿಗೆ ಸಲ್ಲುವ ಬರಹವೆಲ್ಲ ಈ ಮಟ್ಟದ್ದೆಂದು ನಾವು ಹೇಳುತ್ತಿಲ್ಲ. ಆಜ್ಞೆಯ ಹೆಸರನ್ನೇ ವಾಕ್ಯವಾಗಿಸಿ, 'ಸಮಯವನ್ನು ನಿಗದಿಪಡಿಸುವ ಕರೆಯು ಸಮಯವನ್ನು ನಿಗದಿಪಡಿಸುತ್ತದೆ' ಎಂಬ ಧಾಟಿಯಲ್ಲಿ ಬರೆದು ಕೈತೊಳೆದುಕೊಳ್ಳುವವರೂ ಇದ್ದಾರೆ. ಯಾವ ಸಂದರ್ಭಕ್ಕೆ ಇದು ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಪ್ರಯೋಗಿಸಿ ನೋಡದೆ ಬರೆದರೆ ಆಗುವುದು ಇಷ್ಟೇ. ಹೊಸಬನು ಇಲ್ಲಿ ಹೆಚ್ಚು ಉಪಯುಕ್ತನೆಂಬುದು ನಮ್ಮ ಅಭಿಪ್ರಾಯ: ಕರ್ತೃವು ತನಗೆ ತಿಳಿದುದನ್ನು ಹೇಳದೆ ಬಿಡುತ್ತಾನೆ, ಎಡವಿದವನಿಗೆ ಆ ಕಲ್ಲು ನೆನಪಿರುತ್ತದೆ.

ಅಂದಹಾಗೆ, ಪುನಾರಚಿತ ಸೌಲಭ್ಯದ ಕೈಪಿಡಿ ಪುಟದಲ್ಲಿಯೂ ಕೆರಿಸ್ಕ್ 'ಬಗ್ಸ್' ಶೀರ್ಷಿಕೆಯನ್ನು ಬಿಡಲಿಲ್ಲ. ಹಳೆಯ ಕರೆಯೊಂದು ಒಪ್ಪುವಷ್ಟು ಬಗೆಯ ಗಡಿಯಾರಗಳನ್ನು ಇದು ಒಪ್ಪುವುದಿಲ್ಲವೆಂದು ಅಲ್ಲಿ ನಮೂದಾಗಿದೆ.